ವಂದನಾರ್ಪಣೆ ಮೇಷ್ಟ್ರಿಗೇ ವಂದನೆ ಹೇಳೋಕೆ ಬರ್ಲಿಲ್ಲ: ಒಂದು ಪ್ರಕರಣ ಅಧ್ಯಯನ

ಬಿಎಡ್ ಮಾಡೋವಾಗ ನಮ್ಮೆಲ್ರ ಕೈಲೂ ಒಂದು ಪ್ರಕರಣ ಅಧ್ಯಯನ ಬರೆಸ್ತಿದ್ರು, ನೆನಪಿದ್ಯಾ? ಕ್ಲಾಸಲ್ಲಿ ಹಿಂದುಳಿದಿರೋ ಒಂದು ಮಗುನ ಹಿಡ್ಕೊಂಡು ಅದರ ಮನೆ ಹಿನ್ನೆಲೆ, ಸಮಸ್ಯೆ, ಕಾರಣ, ನಾವು ಕೊಟ್ಟ ಪರಿಹಾರ ಅಂತ ಹದಿನೈದು ಪುಟ ತುಂಬಿಸಿ ಸ್ಪೈರಲ್ ಬೈಂಡ್ ಮಾಡಿಸಿ ಕೊಡೋದು. ನಾನು ಬರೆದಿದ್ರಲ್ಲಿ ಅರ್ಧಕ್ಕರ್ಧ ಕಟ್ಟುಕತೆ ಇತ್ತು, ಈಗ ಒಪ್ಕೊಂಡ್ರೆ ಯಾರೂ ಮಾರ್ಕ್ಸ್ ಕಟ್ ಮಾಡಲ್ಲ. ಅದೇ ಫಾರ್ಮ್ಯಾಟಲ್ಲಿ ಇನ್ನೊಂದು ಬರೀತಾ ಇದೀನಿ, ಈ ಸಲ ಹಿಂದುಳಿದ ಮಗು ನಾನೇ.

ಹಿನ್ನೆಲೆ

ಹಾಸನ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ 2012ರಿಂದ ಸೈನ್ಸ್ ಮೇಷ್ಟ್ರು ನಾನು. ನಮ್ ಸ್ಕೂಲಲ್ಲಿ ಏನೇ ಫಂಕ್ಷನ್ ಆಗ್ಲಿ ಸ್ವಾಗತ ಕನ್ನಡ ಮೇಡಂದು, ನಿರೂಪಣೆ ಸೋಶಿಯಲ್ ಮೇಷ್ಟ್ರದು, ವಂದನಾರ್ಪಣೆ ನಂದು. ಹನ್ನೊಂದು ವರ್ಷ ಇದೇ ಲೆಕ್ಕ. ಆಗಸ್ಟ್ 15, ಜನವರಿ 26, ಶಾಲಾ ವಾರ್ಷಿಕೋತ್ಸವ, ಬೀಳ್ಕೊಡುಗೆ, ಸೈಕಲ್ ವಿತರಣೆ, ಎಲ್ಲಾದಕ್ಕೂ ನಾನೇ. ಬಾಯಿಪಾಠ ಆಗೋಗಿದೆ: ಮೊದ್ಲು ಅಧ್ಯಕ್ಷತೆ ವಹಿಸಿದ್ದ ಮಾನ್ಯರು, ಆಮೇಲೆ ಉದ್ಘಾಟಕರು, ಮುಖ್ಯ ಅತಿಥಿಗಳು, ಎಸ್‌ಡಿಎಂಸಿ ಅಂದ್ರೆ ಶಾಲಾಭಿವೃದ್ಧಿ ಸಮಿತಿಯವರು, ದಾನಿಗಳು, ನಮ್ಮ ನೆಚ್ಚಿನ ಮುಖ್ಯೋಪಾಧ್ಯಾಯರು, ಸಹೋದ್ಯೋಗಿ ಮಿತ್ರರು, ಕೊನೇಲಿ ಶಾಮಿಯಾನದವರು, ಮೈಕ್ ಸೆಟ್‌ನವರು, ಅಡುಗೆಯವರು, ಆಮೇಲೆ "ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ". ಇಷ್ಟೊತ್ತಿಗೆ ಮಕ್ಕಳು ಚೇರ್ ಎತ್ತಿ ಒಂದರ ಮೇಲೊಂದು ಜೋಡಿಸೋಕೆ ಶುರು ಮಾಡಿರ್ತಾರೆ, ಆ ಸದ್ದಲ್ಲಿ ಅಡುಗೆಯವರ ಹೆಸರು ಯಾವತ್ತೂ ಯಾರಿಗೂ ಕೇಳ್ಸಿಲ್ಲ.

ಇದನ್ನ ಯಾಕೆ ಇಷ್ಟುದ್ದ ಹೇಳ್ತಿದೀನಿ ಅಂದ್ರೆ ನಂಗೆ ಥ್ಯಾಂಕ್ಸ್ ಅನ್ನೋದಕ್ಕೆ ಗೊತ್ತಿದ್ದ ಕ್ರಮ ಇದೊಂದೇ. ಮನೇಲಿ ನಾವ್ಯಾರೂ ಯಾರಿಗೂ ಥ್ಯಾಂಕ್ಸ್ ಹೇಳಲ್ಲ. ನಮ್ಮಮ್ಮಂಗೆ ಊಟ ಆದ್ಮೇಲೆ ಧನ್ಯವಾದ ಅಂದ್ರೆ ಹುಷಾರಿಲ್ವೇನೋ ಅಂತ ಹಣೆ ಮುಟ್ಟಿ ನೋಡ್ತಾಳೆ. ಧನ್ಯವಾದ ಅನ್ನೋ ಪದ ಮೈಕ್ ಮುಂದೆ ನಿಂತಾಗ ಮಾತ್ರ ಬಾಯಿಗೆ ಬರೋದು.

ಏನಾಯ್ತು

2023ರ ಗಣೇಶ ಹಬ್ಬದ ಹೊತ್ತಿಗೆ ನಂಗೆ ನಾಕು ದಿನ ಭೇದಿ. ಎಲ್ಲೋ ಊಟ ಕೆಟ್ಟಿತ್ತು, ಓಆರ್‌ಎಸ್ ಕುಡ್ದೆ, ಸರಿ ಹೋಯ್ತು ಅಂತ ಮರ್ತೂಬಿಟ್ಟೆ. ಅಕ್ಟೋಬರ್ 2, ಸೋಮವಾರ, ಗಾಂಧಿ ಜಯಂತಿ. ಫೋಟೋಗೆ ಹೂವು ಹಾಕೋಕೆ ಮೂರು ಮೆಟ್ಲು ಹತ್ತಿ ವೇದಿಕೆಗೆ ಹೋದೆ, ಹಿಂದಿಂದ ಒಂದು ಹುಡ್ಗಿ "ಸರ್, ನಿಮ್ ಚಪ್ಲಿ" ಅಂದ್ಲು. ತಿರುಗಿ ನೋಡಿದ್ರೆ ಬಲಗಾಲಿನ ಚಪ್ಲಿ ಮೊದ್ಲನೇ ಮೆಟ್ಲ ಮೇಲೇ ಇದೆ. ಕಾಲಿಂದ ಬಿದ್ದಿದ್ದು ನಂಗೆ ಗೊತ್ತೇ ಆಗಿಲ್ಲ. ಮಕ್ಕಳೆಲ್ಲಾ ನಕ್ಕರು, ನಾನೂ ನಕ್ಕೆ.

ಮಾರನೇ ದಿನ ಕೈಯಿಂದ ಸೀಮೆಸುಣ್ಣ ಜಾರೋಕೆ ಶುರುವಾಯ್ತು. ನಮ್ಮೂರ ಹತ್ರದ ಕ್ಲಿನಿಕ್ಕಲ್ಲಿ ವೀಕ್ನೆಸ್ ಅಂತ ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಕೊಟ್ರು. ಅವತ್ತು ರಾತ್ರಿ ಬಾತ್‌ರೂಮಿಗೆ ಅಂತ ಎದ್ದೋನು ಎದ್ದ ಜಾಗದಲ್ಲೇ ಕುಸಿದು ಕೂತೆ, ಮತ್ತೆ ಏಳೋಕೆ ಆಗ್ಲಿಲ್ಲ. ಹೆಂಡ್ತಿ ಮೊದ್ಲು ಫೋನ್ ಮಾಡಿದ್ದು ನಮ್ ಡ್ರಾಯಿಂಗ್ ಮೇಷ್ಟ್ರಿಗೆ, ಯಾಕಂದ್ರೆ ಹತ್ರದಲ್ಲಿ ಓಮ್ನಿ ಇಟ್ಕೊಂಡಿರೋರು ಅವ್ರೊಬ್ರೇ. ಅವ್ರು ಪಂಚೇಲೇ ಬಂದ್ರು, ಪಿಟಿ ಮೇಷ್ಟ್ರನ್ನ ದಾರೀಲಿ ಹತ್ತಿಸ್ಕೊಂಡ್ರು, ಹಿಂದಿನ ಸೀಟ್ ಮಡ್ಚಿ ನನ್ನ ಮಲಗ್ಸಿ ಸೀದಾ ಬೆಂಗಳೂರು.

ಕಾಯಿಲೆ ಹೆಸರು ಜಿಬಿಎಸ್, ಪೂರ್ತಿ ಹೇಳಿದ್ರೆ ಗಿಯಾನ್ ಬಾರೆ ಸಿಂಡ್ರೋಮ್. 1916ರಲ್ಲಿ ಫ್ರಾನ್ಸಿನ ಡಾಕ್ಟ್ರುಗಳು ಇಬ್ಬರು ಸೈನಿಕರಲ್ಲಿ ನೋಡಿ ವಿವರ ಬರೆದಿದ್ರಿಂದ ಆ ಹೆಸರು. 2025ರ ಶುರುವಿನಲ್ಲಿ ಪುಣೇಲಿ ಒಟ್ಟಿಗೆ ತುಂಬಾ ಜನಕ್ಕೆ ಬಂದು ನ್ಯೂಸಲ್ಲೆಲ್ಲಾ ಬಂತಲ್ಲ, ಅದೇ. ಹೊಟ್ಟೆ ಕೆಡಿಸಿದ ಕ್ರಿಮಿ ಮೇಲೆ ಫೈಟ್ ಮಾಡೋಕೆ ಹೊರಟ ನಮ್ಮದೇ ರೋಗನಿರೋಧಕ ಶಕ್ತಿ ಗುರುತು ತಪ್ಪಿ ನಮ್ಮದೇ ನರಗಳ ಮೇಲಿನ ಮೈಲಿನ್ ಪೊರೆನ ಕಿತ್ತು ಹಾಕುತ್ತೆ, ವೈರ್ ಮೇಲಿನ ಪ್ಲಾಸ್ಟಿಕ್ ಸುಲಿದ ಹಾಗೆ. ಕಾಲಿಂದ ಶುರುವಾಗಿ ಮೇಲಕ್ಕೆ ಹತ್ತುತ್ತೆ. ಟೆಂತ್‌ಗೆ ನರವ್ಯೂಹದ ಪಾಠ ಮಾಡ್ತಾ ಮಾಡ್ತಾನೇ ಹಾಸಿಗೆ ಹಿಡ್ದಿದ್ದು ನಾನು, ನರಕೋಶದ ಚಿತ್ರ ಬೋರ್ಡ್ ಮೇಲೆ ಅರ್ಧ ಆಗಿತ್ತಂತೆ, ವಾರಗಟ್ಲೆ ಯಾರೂ ಅಳಿಸ್ಲಿಲ್ವಂತೆ.

ಈ ಕಾಯಿಲೇಲಿ ಭಯ ಕಾಲಿಂದಲ್ಲ, ಉಸಿರಿಂದು. ಎದೆ ತನಕ ಹತ್ತಿದ್ರೆ ವೆಂಟಿಲೇಟರ್ ಬೇಕು, ನೂರಕ್ಕೆ ಇಪ್ಪತ್ತು ಮೂವತ್ತು ಜನಕ್ಕೆ ಬೇಕಾಗುತ್ತೆ. ಅದನ್ನ ನೋಡೋಕೆ ಡಾಕ್ಟ್ರು ಮಷಿನ್ ಜೊತೆಗೆ ಒಂದು ಸುಲಭದ ಪರೀಕ್ಷೆ ಇಟ್ಕೊಂಡಿರ್ತಾರೆ: ಪೂರ್ತಿ ಉಸಿರು ಎಳ್ಕೊಂಡು ಒಂದೇ ಉಸಿರಲ್ಲಿ ಒಂದು, ಎರಡು, ಮೂರು ಅಂತ ಎಷ್ಟಾಗುತ್ತೋ ಅಷ್ಟು ಎಣಿಸೋದು. ಮೊದಲ ದಿನ 27. ಎರಡನೇ ದಿನ 19. ಮೂರನೇ ದಿನ ಹನ್ನೊಂದಕ್ಕೆ ನಿಂತೋಯ್ತು, ಗಂಟಲಿಗೆ ಟ್ಯೂಬ್ ಹಾಕೋ ಸಾಮಾನೆಲ್ಲಾ ತಂದು ಮಂಚದ ಪಕ್ಕ ಇಟ್ರು.

ಪಿಟಿ ಮೇಷ್ಟ್ರು ಇದನ್ನೆಲ್ಲಾ ನೋಡ್ಕೊಂಡು ಸುಮ್ನಿರೋ ಜಾತಿ ಅಲ್ಲ. ಅವ್ರ ಹತ್ರ ನಾನೂರು ಮೀಟರ್ ಓಟಕ್ಕೆ ಹಿಡಿಯೋ ಸ್ಟಾಪ್‌ವಾಚ್ ಇತ್ತು. ಐಸಿಯು ಒಳಗೆ ಬಿಡೋ ಹೊತ್ತಲ್ಲಿ ಬಂದು ಕತ್ತಿನ ದಾರದಲ್ಲಿ ನೇತಾಡ್ತಿದ್ದ ಆ ವಾಚ್ ಒತ್ತಿ "ಹ್ಞೂಂ, ಎಣಿಸಿ ಮೇಷ್ಟ್ರೇ" ಅನ್ನೋರು. ಇಡೀ ಫೀಲ್ಡಿಗೆ ಕೇಳೋ ಗಂಟಲು ಅವ್ರದ್ದು, ಐಸಿಯು ಅಂತ ಪಿಸುಗುಟ್ಟೋಕೆ ಹೋಗಿ ಇನ್ನೂ ವಿಚಿತ್ರವಾಗಿ ಕೇಳ್ಸೋದು. ಒಂದು ಪಾಕೆಟ್ ಡೈರೀಲಿ ಬರ್ಕೊಳ್ಳೋರು, ತಾರೀಖು, ಟೈಮು, ಎಣಿಕೆ, ಎಷ್ಟು ಸೆಕೆಂಡು. ಹನ್ನೊಂದು, ಹನ್ನೊಂದು, ಹನ್ನೆರಡು, ಹನ್ನೊಂದು, ಹದಿನಾಲ್ಕು. ಹದಿನಾಲ್ಕು ಬಂದ ದಿನ ಹೊರಗೆ ಹೋಗಿ ನನ್ ಹೆಂಡ್ತಿಗೆ ಮೆಡಲ್ ಬಂದ ಹಾಗೆ ಡೈರಿ ತೋರ್ಸಿದ್ರಂತೆ. ಟ್ಯೂಬ್ ಹಾಕ್ಲಿಲ್ಲ.

ಟ್ರೀಟ್‌ಮೆಂಟ್‌ಗೆ ಎರಡು ದಾರಿ, ಎರಡೂ ಒಂದೇ ಸಮ ಕೆಲ್ಸ ಮಾಡುತ್ತೆ: ಪ್ಲಾಸ್ಮಾ, ಅಂದ್ರೆ ರಕ್ತದ ದ್ರವ ಭಾಗ, ಬದಲಾಯಿಸೋದು, ಇಲ್ಲಾ ಇಮ್ಯುನೊಗ್ಲೋಬ್ಯುಲಿನ್, ಅಂದ್ರೆ ಬೇರೆಯವರ ರಕ್ತದ ಪ್ರತಿಕಾಯಗಳ ಡ್ರಿಪ್. ನಂಗೆ ಎರಡನೇದು ಕೊಟ್ರು. ಮೈ ತೂಕದ ಕೆಜಿಗೆ ಒಟ್ಟು 2 ಗ್ರಾಂ, ಐದು ದಿನಕ್ಕೆ ಹಂಚಿ. ನಾನು 60 ಕೆಜಿ, ಅಲ್ಲಿಗೆ 120 ಗ್ರಾಂ, 5 ಗ್ರಾಂನ ವಯಲ್ 24. ಒಂದೊಂದಕ್ಕೂ ಹತ್ತು ಸಾವಿರದ ಮೇಲೆ. ಮೊದ್ಲು ದುಡ್ಡು ಕಟ್ಟಬೇಕು, ಆಮೇಲೆ ಫ್ರಿಡ್ಜಿಂದ ವಯಲ್ ಬರುತ್ತೆ. ಮಿಕ್ಕಿದ್ದೆಲ್ಲಾ ಸೇರಿ ನಾಕು ಲಕ್ಷ ದಾಟ್ತು. ಹೆಂಡ್ತಿ ಒಡವೆ ಅಡ ಇಟ್ಟು ಸ್ವಲ್ಪ, ಸ್ಟಾಫಿಂದ ಸ್ವಲ್ಪ. ದುಡ್ಡು ಬಂದಿದ್ದು ಹೇಗೆ ಅಂತ ಆಗ ನಂಗೆ ಗೊತ್ತಿಲ್ಲ, ಪಿಟಿ ಮೇಷ್ಟ್ರ ಫೋನ್‌ಪೇಗೆ ಬರೋದು, ಕೌಂಟರಿಗೆ ಹೋಗೋದು. ದಸರಾ ರಜೆ ಬೇರೆ ಶುರುವಾಗಿತ್ತು, ಮೇಷ್ಟ್ರುಗಳು ವರ್ಷವೆಲ್ಲಾ ಕಾಯೋ ರಜೆ, ಅದ್ರಲ್ಲಿ ಒಬ್ಬೊಬ್ರಾಗಿ ರೈಲು ಹತ್ಕೊಂಡು ಬಂದು ಆಸ್ಪತ್ರೆ ಕಾರಿಡಾರಲ್ಲಿ ಚಾಪೆ ಹಾಸ್ಕೊಂಡು ಮಲ್ಗಿದ್ರು. ಇಂಗ್ಲಿಷ್ ಮೇಡಂ ಬರ್ಲಿಲ್ಲ, ಆದ್ರೆ ಅವ್ರು ಮಾಡಿದ್ದು ನಂಗೆ ಈಗ್ಲೂ ಭಾರಿ ಬುದ್ಧಿವಂತಿಕೆ ಅನ್ಸುತ್ತೆ. ಹೇಗಿದಾರೆ ಹೇಗಿದಾರೆ ಅಂತ ದಿನಕ್ಕೆ ನಲ್ವತ್ತು ಫೋನ್ ಬರ್ತಿತ್ತು ನನ್ ಹೆಂಡ್ತಿಗೆ. ಮೇಡಂ ಎಲ್ರಿಗೂ "ಯಾರೂ ಅವ್ರಿಗೆ ಫೋನ್ ಮಾಡ್ಬೇಡಿ, ನನಗೆ ಮಾಡಿ" ಅಂತ ಹೇಳಿ, ದಿನಾ ಸಂಜೆ ಏಳಕ್ಕೆ ಒಂದೇ ಸಲ ಹೆಂಡ್ತಿ ಹತ್ರ ವಿಷಯ ತಿಳ್ಕೊಂಡು ಎಲ್ರಿಗೂ ಹೇಳೋರು. ಇವಳು ಊಟ ಮಾಡೋಕೆ ಶುರು ಮಾಡಿದ್ದು ಅವತ್ತಿಂದ.

ನವೆಂಬರ್ ಮೊದ್ಲನೇ ವಾರ ಮನೆಗೆ ಕಳಿಸಿದ್ರು. ಕಾಲು ಇನ್ನೂ ಮರದ ಕೊರಡು. ದಿನಾ ಫಿಸಿಯೋಥೆರಪಿ, ವಾಕರ್, ಗೋಡೆ. ಡಾಕ್ಟ್ರು ಮೊದ್ಲೇ ಹೇಳಿದ್ರು, ಬರೀ ಪೊರೆ ಹೋಗಿದ್ರೆ ಬೇಗ ಬರುತ್ತೆ, ಒಳಗಿನ ನರವೇ ಪೆಟ್ಟಾಗಿದ್ರೆ ಅದು ಬೆಳೆಯೋದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ತಾಳ್ಮೆ ಇರ್ಲಿ ಅಂತ.

ಸಮಸ್ಯೆ

ಡಿಸೆಂಬರ್ 10, ಭಾನುವಾರ, ಯಾರನ್ನೂ ಹಿಡ್ಕೊಳ್ದೆ ಬಾತ್‌ರೂಮಿಗೆ ಹೋಗಿ ಬಂದೆ. ಹದಿನಾಲ್ಕು ಹೆಜ್ಜೆ ಹೋಗೋಕೆ, ಹದಿನಾಲ್ಕು ಬರೋಕೆ. ಬಂದು ಮಂಚದ ಮೇಲೆ ಕೂತು ಅತ್ತೆ, ಆ ಖುಷೀಲೇ ಫೋನ್ ತಗೊಂಡು ಸ್ಟಾಫ್ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಕುಟ್ಟಿದೆ. ಬೆರಳು ಸರಿಯಾಗಿ ನಿಲ್ತಿರ್ಲಿಲ್ಲ, ಒಂದು ಗಂಟೆ ಹಿಡೀತು. ಈಗ ಓದಿದ್ರೆ ಮೈ ಹಿಡಿಯಾಗುತ್ತೆ. "ಮಾನ್ಯ ಮುಖ್ಯೋಪಾಧ್ಯಾಯರಿಗೆ ಹಾಗೂ ನನ್ನ ಸಹೋದ್ಯೋಗಿ ಮಿತ್ರರಿಗೆ ಹೃತ್ಪೂರ್ವಕ ವಂದನೆಗಳು" ಅಂತ ಶುರು. ಆಮೇಲೆ ಹೆಸರುಗಳು, ಹೆಸರಿನ ಮುಂದೆ ದುಡ್ಡು. ಹೆಡ್ ಮೇಷ್ಟ್ರು 20,000. ಇಂಗ್ಲಿಷ್ ಮೇಡಂ 15,000. ಕನ್ನಡ ಮೇಡಂ, ಮ್ಯಾತ್ಸ್ ಮೇಷ್ಟ್ರು ತಲಾ 10,000. ಸೋಶಿಯಲ್ ಮೇಷ್ಟ್ರು 5,000. ಹಿಂದಿ ಮೇಡಂ 86,000. ಪಿಟಿ ಮೇಷ್ಟ್ರಿಗೆ ಒಂದು ಪ್ಯಾರಾ. ಡ್ರಾಯಿಂಗ್ ಮೇಷ್ಟ್ರ ಹೆಸರಿನ ಮುಂದೆ "ವಾಹನ ವ್ಯವಸ್ಥೆ". ಕೊನೇಗೆ, ಊಹಿಸಿದ್ರಲ್ಲಾ, ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ.

ದುಡ್ಡಿನ ಲೆಕ್ಕ ಹಾಕಿದ್ದು ಕೆಟ್ಟ ಮನಸ್ಸಿಂದಲ್ಲ. ಯಾರು ಎಷ್ಟು ಕೊಟ್ರು ಅಂತ ನಂಗೆ ನೆನಪಿದೆ, ತಿಂದು ಹಾಕೋನಲ್ಲ, ವಾಪಸ್ ಕೊಡ್ತೀನಿ ಅಂತ ತೋರ್ಸೋಕೆ. ಹತ್ತು ನಿಮಿಷದಲ್ಲಿ ಕೈ ಮುಗಿದಿರೋ ಇಮೋಜಿಗಳ ಸಾಲು ಬಂತು. ಹಿಂದಿ ಮೇಡಂದು ಏನೂ ಬರ್ಲಿಲ್ಲ. ನಮ್ ಎಸ್‌ಡಿಎ, ಅಂದ್ರೆ ಆಫೀಸಿನ ಕ್ಲರ್ಕು, ಅವ್ರು "ಓಕೆ ಸರ್" ಅಂತ ಹಾಕಿದ್ರು. ನಾನು ಫೋನ್ ಇಟ್ಟು ಮಲ್ಗಿದೆ, ದೊಡ್ಡ ಕೆಲ್ಸ ಮುಗೀತು ಅಂತ.

ಮೂರು ದಿನ ಆದ್ಮೇಲೆ ಪಿಟಿ ಮೇಷ್ಟ್ರು ಮನೆಗೆ ಬಂದು ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಮೇಷ್ಟ್ರೇ, ಆ ಮೆಸೇಜ್ ಯಾಕ್ ಹಾಕಿದ್ರಿ" ಅಂದ್ರು. ಆಮೇಲೆ ಒಂದೊಂದೇ ಹೊರಗೆ ಬಂತು.

ನಮ್ ಸ್ಕೂಲು ಪಕ್ಕದ ಪ್ರೈಮರಿ ಸ್ಕೂಲು ಸೇರಿ ಇಪ್ಪತ್ತು ಜನದ ಒಂದು ಲಕ್ಷದ ಚೀಟಿ ನಡೀತಾ ಇತ್ತು, ತಿಂಗಳಿಗೆ ಐದು ಸಾವಿರ. ಅಕ್ಟೋಬರ್ ಚೀಟಿ ಹಿಂದಿ ಮೇಡಂ 14,000 ಬಿಟ್ಟು ಕೂಗಿದ್ರು, ಮಗಳ ಹಾಸ್ಟೆಲ್ ಫೀಸಿಗೆ. ಕೈಗೆ ಬಂದ 86,000 ಹಾಗೇ ಪಿಟಿ ಮೇಷ್ಟ್ರ ಫೋನ್‌ಪೇಗೆ ಹೋಗಿದೆ. ಮಗಳ ಫೀಸಿಗೆ ತವರಿಂದ ಸಾಲ ತಂದು ಕಟ್ಟಿದಾರೆ. ಮನೇಲಿ ಗಂಡಂಗೆ ಹೇಳಿಲ್ಲ, ಸಮಯ ನೋಡಿ ಹೇಳೋಣ ಅಂತ. ಸೋಶಿಯಲ್ ಮೇಷ್ಟ್ರು ಅವ್ರ ಗಂಡನ ಕಡೆ ಸಂಬಂಧ, ಅವ್ರು ನನ್ ಮೆಸೇಜ್ ಬಂದ ಸಂಜೆನೇ ಮದ್ವೆ ಮನೇಲಿ ಮೇಡಂ ಗಂಡ ಸಿಕ್ಕಾಗ "ಭಾರಿ ದೊಡ್ಡ ಮನಸ್ಸು ಕಣಪ್ಪ ನಿಮ್ದು, ಎಂಬತ್ತಾರು ಸಾವ್ರ!" ಅಂತ ಬೆನ್ನು ತಟ್ಟಿದ್ರಂತೆ. ಮಿಕ್ಕಿದ್ದು ನೀವೇ ಊಹಿಸ್ಕೊಳ್ಳಿ. ಆ ಸೋಶಿಯಲ್ ಮೇಷ್ಟ್ರಿಗೂ ಬೇಜಾರೇ, ಎಂಬತ್ತಾರರ ಪಕ್ಕ ಅವ್ರ ಐದು ಸಾವಿರ ಬರೆದಿದೀನಿ ನಾನು. ಅವ್ರಿಗೆ ಆ ತಿಂಗಳು ಅಪ್ಪಂಗೆ ಕಣ್ಣಿನ ಆಪರೇಷನ್ ಇತ್ತು ಅಂತ ನಂಗೆ ಗೊತ್ತೂ ಇರ್ಲಿಲ್ಲ.

ಎಸ್‌ಡಿಎ ವಿಷಯ ಇನ್ನೊಂಥರ. ನಾನು ಐಸಿಯುನಲ್ಲಿದ್ದ ತಿಂಗಳೂ ನನ್ ಸಂಬಳ ಕ್ರೆಡಿಟ್ ಆಯ್ತು, ಮುಂದಿನ ತಿಂಗಳೂ ಆಯ್ತು. ಸರ್ಕಾರಿ ನೌಕ್ರಿ ಅಲ್ವಾ, ಬರುತ್ತೆ ಅಂತ ಅನ್ಕೊಂಡಿದ್ದೆ. ಹಾಗೆ ಬರಲ್ಲ ಸ್ವಾಮಿ. ಮೇಷ್ಟ್ರುಗಳಿಗೆ ಬೇಸಿಗೆ ದಸರಾ ರಜೆ ಇರೋದ್ರಿಂದ ಗಳಿಕೆ ರಜೆ ವರ್ಷಕ್ಕೆ ಹತ್ತೇ ದಿನ, ಬೇರೆ ಇಲಾಖೆಯವರ ಹಾಗೆ ಮೂವತ್ತಲ್ಲ. ಅದ್ರಲ್ಲಿ ಎಷ್ಟೋ ನಾನು ಆಗ್ಲೇ ಬಳಸಿದ್ದೆ. ಅವ್ರು ನನ್ ಸರ್ವಿಸ್ ರಿಜಿಸ್ಟರ್ ತೆಗ್ದು ಕೂತು ಅರ್ಧ ವೇತನ ರಜೆ ಲೆಕ್ಕ ಹಾಕಿದಾರೆ, ವರ್ಷಕ್ಕೆ 20ರ ಹಾಗೆ ಹನ್ನೊಂದು ವರ್ಷಕ್ಕೆ 220, ಅದನ್ನ ವೈದ್ಯಕೀಯ ಸರ್ಟಿಫಿಕೇಟ್ ಮೇಲೆ ಪರಿವರ್ತಿತ ರಜೆ ಮಾಡಿದ್ರೆ ಪೂರ್ತಿ ಸಂಬಳದ 110 ದಿನ. ಮಿಕ್ಕಿದ್ದಕ್ಕೆ ಗಳಿಕೆ ರಜೆ. ಮಧ್ಯ ಬಂದ ದಸರಾ ರಜೆ ಹೇಗೆ ತೋರ್ಸೋದು ಅಂತ ಎರಡು ವಾರ ಓಡಾಟ. ಪ್ರತಿ ತಿಂಗಳು ಎಚ್‌ಆರ್‌ಎಂಎಸ್‌ನಲ್ಲಿ, ಅಂದ್ರೆ ಸರ್ಕಾರದ ಸಂಬಳದ ಸಾಫ್ಟ್‌ವೇರಲ್ಲಿ, ಎಂಟ್ರಿ. ಹೆಡ್ ಮೇಷ್ಟ್ರು ಸಹಿ ಹಾಕಿದ್ದು ಹೌದು, ಆದ್ರೆ ಯಾವ ಕಾಗದಕ್ಕೆ ಸಹಿ ಅಂತ ಹುಡುಕಿ ಇಟ್ಟಿದ್ದು ಇವ್ರು, ಅದೂ ವಾರದಲ್ಲಿ ಎರಡು ದಿನ ಇನ್ನೊಂದು ಸ್ಕೂಲಿನ ಡ್ಯೂಟಿ ಇಟ್ಕೊಂಡು. ಆಸ್ಪತ್ರೇಲಿದ್ದ ಪಿಟಿ ಮೇಷ್ಟ್ರಿಗೆ ದಿನಾ ಫೋನ್ ಮಾಡಿ "ಪ್ರತಿ ಬಿಲ್ಲಿಗೂ ಡಾಕ್ಟ್ರ ಸಹಿ, ಸೀಲು, ಒರಿಜಿನಲ್ಲೇ ಬೇಕು, ಬಿಡ್ಬೇಡಿ" ಅಂತ ಕಾಟ ಕೊಟ್ಟಿದ್ದೂ ಇವ್ರೇ. ಇವ್ರಿಗೆ ನನ್ ಮೆಸೇಜಲ್ಲಿ ಸಿಕ್ಕಿದ್ದು "ಪರೋಕ್ಷವಾಗಿ".

ಮೂರನೇದು ಕೇಳಿದಾಗ ಮಾತ್ರ ನಂಗೆ ಎದೇಲಿ ಏನೋ ಹಿಡ್ಕೊಂಡ ಹಾಗಾಯ್ತು.

ನಾನಿಲ್ಲದಾಗ ಟೆಂತ್ ಸೈನ್ಸ್ ಯಾರು ತಗೊಳ್ತಿದಾರೆ ಅಂದಾಗ್ಲೆಲ್ಲಾ "ಗೆಸ್ಟ್ ಬಂದಿದಾನೆ, ನೀವ್ ತಲೆ ಕೆಡಿಸ್ಕೋಬೇಡಿ" ಅಂತಿದ್ರು. ಇಲಾಖೆಯಿಂದ ಅತಿಥಿ ಶಿಕ್ಷಕರನ್ನ ಕೊಟ್ಟಿದಾರೆ ಅಂತ ನಾನು ತಿಳ್ಕೊಂಡಿದ್ದೆ. ಇಲ್ವಂತೆ. ಹುದ್ದೆ ಖಾಲಿ ಇಲ್ಲ, ಮೇಷ್ಟ್ರು ರಜೆ ಮೇಲಿದಾರೆ ಅಷ್ಟೇ, ಅದಕ್ಕೆ ಗೆಸ್ಟ್ ಬರಲ್ಲ ಅಂತ ಹೇಳಿದ್ರಂತೆ. ಎಸ್ಸೆಸ್ಸೆಲ್ಸಿ ವರ್ಷ, 41 ಮಕ್ಕಳು. ಅದಕ್ಕೆ ಸ್ಟಾಫ್ ರೂಮಲ್ಲಿ ಕೂತು ಎಂಟು ಜನ ತಲಾ ಸಾವಿರ ಹಾಕಿ, ತಿಂಗಳಿಗೆ ಎಂಟು ಸಾವಿರಕ್ಕೆ, ಹತ್ರದ ಹಳ್ಳಿಯ ಎಂಎಸ್ಸಿ ಬಿಎಡ್ ಮಾಡ್ಕೊಂಡು ಮನೇಲಿದ್ದ ಒಬ್ಬ ಹುಡುಗನ್ನ ಕರ್ಕೊಂಡು ಬಂದಿದಾರೆ. ನಂಗೆ ಹೇಳ್ಬಾರ್ದು ಅಂತ ಮಾತಾಡ್ಕೊಂಡು. ಆ ಐದು ಸಾವಿರ ಕೊಟ್ಟ ಸೋಶಿಯಲ್ ಮೇಷ್ಟ್ರೂ ಪ್ರತಿ ತಿಂಗಳು ಸಾವಿರ ಹಾಕಿದಾರೆ, ಆಗ್ಲೇ ಚೀಟಿ ದುಡ್ಡು ಬಿಟ್ಟಿದ್ದ ಹಿಂದಿ ಮೇಡಂ ಕೂಡ. ಆ ಹುಡುಗ ಸ್ಟಾಫ್ ಗ್ರೂಪಲ್ಲೇ ಇಲ್ಲ. ಬಿಸಿಯೂಟದ ಅಕ್ಕ ಮನೆಗೆ ಬಂದ್ಮೇಲೆ ಒಂದು ತಿಂಗಳು ದಿನಾ ಟಿಫಿನ್ ಕ್ಯಾರಿಯರಲ್ಲಿ ರಾಗಿ ಗಂಜಿ ಕಳಿಸ್ತಿದ್ದಳು, ಅಟೆಂಡರ್ ಅಣ್ಣ ಅದನ್ನ ಸೈಕಲ್ಲಲ್ಲಿ ತಂದು ಕೊಡ್ತಿದ್ದ, ಅವ್ರಿಬ್ರೂ ಗ್ರೂಪಲ್ಲಿ ಇಲ್ಲ.

ಕಾರಣ

ಬಿಎಡ್ ಪ್ರಾಜೆಕ್ಟಲ್ಲಿ ಇಲ್ಲಿ "ಕೌಟುಂಬಿಕ ಕಾರಣ, ಸಾಮಾಜಿಕ ಕಾರಣ" ಅಂತ ಕಾಲಂ ಎಳೀತಿದ್ವಿ. ನನ್ ಲೆಕ್ಕದಲ್ಲಿ ಇಲ್ಲಿ ಕಾರಣ ಒಂದೇ: ನಾನು ವಂದನಾರ್ಪಣೆ ಮಾಡ್ದೆ. ವೇದಿಕೆ ಮೇಲಿರೋರಿಂದ ಶುರು ಮಾಡಿ ಕೆಳಗೆ ಇಳಿದೆ, ಕೊಟ್ಟೋರನ್ನ ದಾನಿಗಳ ಬೋರ್ಡ್ ಮೇಲೆ ಬಣ್ಣದಲ್ಲಿ ಬರೆಸೋ ಹಾಗೆ ಮೊತ್ತದ ಸಮೇತ ಬರೆದೆ, ಚೇರ್ ಎತ್ತೋ ಸದ್ದಿನ ಹೊತ್ತಿಗೆ ಅಡುಗೆಯವರು ಬಂದ್ರು. ಏನು ನಡೆದಿದೆ ಅಂತ ಯಾರನ್ನೂ ಕೇಳದೇ, ಹಾಸಿಗೆ ಮೇಲೆ ಮಲಗಿ ನಂಗೆ ಕಂಡಿದ್ದಷ್ಟೇ ಸಹಾಯ ಅಂತ ಲೆಕ್ಕ ಹಾಕ್ದೆ. ಕಾಯಿಲೆ ಬಿದ್ದೋನಿಗೆ ಕಾಣೋದು ಮಂಚದ ಪಕ್ಕ ನಿಂತೋರು ಮಾತ್ರ.

ಆ "ಪರೋಕ್ಷವಾಗಿ ಸಹಕರಿಸಿದ" ಅನ್ನೋ ಮಾತು ಪೂರ್ತಿ ಸುಳ್ಳೂ ಅಲ್ಲ ಬಿಡಿ. ಆ 24 ವಯಲ್ ಇತ್ತಲ್ಲ, ಅದನ್ನ ಮಾಡೋದು ರಕ್ತ ಕೊಟ್ಟೋರ ಪ್ಲಾಸ್ಮಾ ಒಟ್ಟುಗೂಡಿಸಿ, ಒಂದೊಂದು ಬ್ಯಾಚಿಗೂ ಕಮ್ಮಿ ಅಂದ್ರೂ ಸಾವಿರ ಜನರದ್ದು. ಅವ್ರು ಯಾರು ಎಲ್ಲಿಯವ್ರು ಅಂತ ನಂಗೆ ಗೊತ್ತಾಗೋದೇ ಇಲ್ಲ. ಪರೋಕ್ಷ ಅನ್ನೋದು ಅಂಥೋರಿಗೆ ಸರಿ. ದಿನಾ ಗಂಜಿ ಕಳಿಸಿದೋಳಿಗಲ್ಲ.

ಪರಿಹಾರ

ಮೊದ್ಲು ಹಿಂದಿ ಮೇಡಂ ಮನೆ. ನಾನು ದುಡ್ಡು ತಗೊಂಡೇ ಹೋಗೋಣ, ಕೊಟ್ಟು ಕೈ ಮುಗಿಯೋಣ ಅಂದೆ. ಹೆಂಡ್ತಿ ಬೈದಳು, "ದುಡ್ಡು ಮುಂದೆ ಇಟ್ರೆ ಅವ್ರು ಅದಕ್ಕೇ ಜಗಳ ಆಡಿದ್ರು ಅಂದ ಹಾಗಾಗುತ್ತೆ, ಸುಮ್ನೆ ಹೋಗಿ ಕೂತು ಬರೋಣ." ಡಿಸೆಂಬರ್ ಕೊನೇಲಿ ಡ್ರಾಯಿಂಗ್ ಮೇಷ್ಟ್ರ ಓಮ್ನೀಲೇ ಹೋದ್ವಿ. ಮೇಡಂ ಗಂಡ ಬಾಗಿಲಿಗೆ ಬಂದು ನನ್ ವಾಕರ್ ಹಿಡ್ಕೊಂಡು ಒಳಗೆ ಕರ್ಕೊಂಡು ಹೋದ್ರು. ಅರ್ಧ ಗಂಟೆ ಕೊಬ್ಬರಿ ರೇಟು, ತೆಂಗಿಗೆ ಬಂದಿರೋ ರೋಗ ಮಾತಾಡಿದ್ವಿ. ಹೊರಡೋವಾಗ ಅವ್ರೇ ಅಂದ್ರು, "ದುಡ್ಡಿಂದ್ ಬೇಜಾರಿಲ್ಲ ಸಾರ್. ಜೀವ ಮುಖ್ಯ. ಆದ್ರೆ ನಮ್ ಮನೆ ವಿಷ್ಯ ಮದ್ವೆ ಮನೇಲಿ ಗೊತ್ತಾಗ್ಬಾರ್ದಿತ್ತು." ನಾನು "ತಪ್ಪಾಯ್ತು" ಅಂದೆ. ಅಷ್ಟೇ. ಮುಂದಿನ ತಿಂಗಳಿಂದ ಮೇಡಂ ಚೀಟಿ ಕಂತು ನಾನೇ ಕಟ್ಟಿದೆ, ಚೀಟಿ ಮುಗಿಯೋ ತನಕ, ಅವ್ರು ಬಿಟ್ಟ ಹದಿನಾಲ್ಕು ಸಾವಿರದ ಲಾಸೂ ನಂದೇ ಅಂತ ಹಟ ಮಾಡಿ. ಗ್ರೂಪಲ್ಲಿದ್ದ ಆ ಮೆಸೇಜ್ ಡಿಲೀಟ್ ಮಾಡೋಕೆ ಹೋದ್ರೆ ಟೈಮ್ ಮೀರಿತ್ತು, ಎಲ್ರಿಗೂ ಡಿಲೀಟ್ ಆಗಲ್ಲ, ಈಗ್ಲೂ ಹಾಗೇ ಇದೆ.

ಎಸ್‌ಡಿಎಗೆ ಒಂದು ವಾಚ್ ಕೊಡ್ಸೋಣ ಅಂತಿದ್ದೆ. ಪಿಟಿ ಮೇಷ್ಟ್ರು ಬೇಡ ಅಂದ್ರು, ಫೈಲ್ ಮಾಡಿದ್ದಕ್ಕೆ ಗಿಫ್ಟ್ ಅಂದ್ರೆ ಏನೇನೋ ಅರ್ಥ ಆಗುತ್ತೆ ಅಂತ, ಅದು ನಿಜ. ಸರ್ಕಾರಿ ನೌಕರರಿಗೆ ಆಸ್ಪತ್ರೆ ಖರ್ಚು ವಾಪಸ್ ಕೊಡೋ 1963ರ ವೈದ್ಯಕೀಯ ಹಾಜರಾತಿ ನಿಯಮದ ಕೆಳಗೆ ಹಾಕಿದ್ದ ನನ್ ಬಿಲ್ಲು, ಪೂರ್ತಿ ಅಲ್ದಿದ್ರೂ ದೊಡ್ಡ ಭಾಗ, ಒಂದೇ ಒಂದು ಆಕ್ಷೇಪಣೆ ಬಂದು ಪಾಸಾಯ್ತು. ನಮ್ ತಾಲೂಕಲ್ಲಿ ಇದು ಸಣ್ಣ ವಿಷ್ಯ ಅಲ್ಲ. ಹೇಗ್ ಮಾಡಿದ್ರಿ ಅಂತ ಬೇರೆ ಸ್ಕೂಲಿನ ಕ್ಲರ್ಕುಗಳು ಅವ್ರನ್ನ ಕೇಳೋಕೆ ಶುರು ಮಾಡಿದ್ರು. ನಾನು ಒಂದು ಶನಿವಾರ ಅವ್ರ ಪಕ್ಕ ಕೂತು, ಅವ್ರು ಹೇಳ್ತಾ ಹೋದ ಹಾಗೆ, ಯಾವ ಫಾರಂ, ಯಾವ ಬಿಲ್ಲಿನ ಹಿಂದೆ ಯಾರ ಸಹಿ, ಯಾವುದು ಮೊದ್ಲು, ಎಲ್ಲಾ ಟೈಪ್ ಮಾಡಿ ಮೂರು ಪುಟ ಮಾಡ್ದೆ, ಮೇಲೆ ಅವ್ರ ಹೆಸರು, ಹುದ್ದೆ ಹಾಕ್ದೆ. ಅದು ಈಗ ತಾಲೂಕಿನ ಎಲ್ಲಾ ಸ್ಕೂಲಲ್ಲೂ ಓಡಾಡ್ತಾ ಇದೆ, ಝೆರಾಕ್ಸ್ ಮೇಲೆ ಝೆರಾಕ್ಸ್ ಆಗಿ ಅಕ್ಷರ ಮಸುಕಾಗಿದೆ, ಹೆಸರು ಮಾತ್ರ ದಪ್ಪಕ್ಕೆ ಹಾಕಿದ್ರಿಂದ ಇನ್ನೂ ಕಾಣುತ್ತೆ.

ಪಿಟಿ ಮೇಷ್ಟ್ರಿಗೆ ಏನ್ ಹೇಳೋಕೆ ಹೋದ್ರೂ "ಥ್ಯಾಂಕ್ಸ್ ಗೀಂಕ್ಸ್ ಅಂದ್ರೆ ಒಂದ್ ಬಿಡ್ತೀನಿ ನೋಡಿ" ಅಂತಾರೆ, ಅದಕ್ಕೇ ಅವ್ರ ಸ್ಪೋರ್ಟ್ಸ್ ಮೀಟ್ ಬಂದ್ರೆ ನಾನು ಫೀಲ್ಡಲ್ಲಿ ಬಿಸ್ಲಲ್ಲಿ ಕೂತು ಟೈಮ್ ಬರ್ಕೊಳ್ತೀನಿ. ಅದೇ ಡೈರಿ.

2024ರ ಫೆಬ್ರವರಿ 19, ಸೋಮವಾರ, ಫಿಟ್‌ನೆಸ್ ಸರ್ಟಿಫಿಕೇಟ್ ಹಿಡ್ಕೊಂಡು, ಕೋಲು ಊರ್ಕೊಂಡು ಡ್ಯೂಟಿಗೆ ರಿಪೋರ್ಟ್ ಆದೆ. ಅಡುಗೆ ಮನೆ ಮುಂದೆ ಮಕ್ಕಳ ಜೊತೆ ಕೂತು ಊಟ ಮಾಡ್ದೆ, ಅಕ್ಕ ಎರಡು ಮೊಟ್ಟೆ ಹಾಕಿ "ಇನ್ನೊಂದ್ ಹಾಕ್ಲಾ ಸಾ?" ಅಂದ್ಲು. ಅವಳ ಕೈಗೆ ಟಿಫಿನ್ ಕ್ಯಾರಿಯರ್ ವಾಪಸ್ ಕೊಟ್ಟೆ, ನಮ್ ಕಡೆ ಪಾತ್ರೆ ಖಾಲಿ ಕೊಡಲ್ವಲ್ಲ, ಹೆಂಡ್ತಿ ಅದ್ರ ತುಂಬಾ ಕೋಡುಬಳೆ ಹಾಕಿದ್ದಳು. ಅಟೆಂಡರ್ ಅಣ್ಣ ಅಲ್ಲೇ ನಿಂತು ನಾಕು ತಿಂದ.

ಆ ಹುಡುಗ

ನಾನು ವಾಪಸ್ ಬಂದ ದಿನವೇ ಅವನ ಕೆಲ್ಸ ಮುಗೀತು. ಇದನ್ನ ನಾನು ಮುಂಚೆ ಯೋಚ್ನೆನೇ ಮಾಡಿರ್ಲಿಲ್ಲ. ಸ್ಟಾಫ್ ರೂಮಿಗೆ ಹೋದ್ರೆ ನನ್ ಕುರ್ಚಿ ಖಾಲಿ ಮಾಡಿ, ಮೇಜು ಒರೆಸಿ, ಮೇಲೆ ಒಂದು ನೋಟ್ ಬುಕ್ ಇಟ್ಟು ಹೋಗಿದಾನೆ. ನಾವು ಮುಖ ಮುಖ ನೋಡ್ಲೇ ಇಲ್ಲ.

ಆ ನೋಟ್ ಬುಕ್ ಈಗ್ಲೂ ನನ್ ಹತ್ರ ಇದೆ. 41 ಮಕ್ಕಳಿಗೆ 41 ಪುಟ. ಹೆಸರು ಬರೆದಿಲ್ಲ, ಬರೀ ರೋಲ್ ನಂಬರ್. "ರೋಲ್ 14: ದರ್ಪಣ ಸೂತ್ರ ಬಾಯಿಗೆ ಬರುತ್ತೆ, ಮೈನಸ್ ಚಿಹ್ನೆ ಪ್ರತಿ ಸಲ ಬಿಡ್ತಾನೆ, ಚಿತ್ರ ಬರೆಸಿ ಆಮೇಲೆ ಲೆಕ್ಕ ಕೊಟ್ರೆ ಬಿಡಲ್ಲ." "ರೋಲ್ 22: ರಾಸಾಯನಿಕ ಸಮೀಕರಣ ಸರಿದೂಗಿಸೋದು ಬರುತ್ತೆ, ಎದ್ದು ನಿಲ್ಸಿ ಕೇಳಿದ್ರೆ ಬರಲ್ಲ, ಎದ್ದು ನಿಲ್ಸಬೇಡಿ." "ರೋಲ್ 31: ಬೆಳಗ್ಗೆ ಹಾಲು ಹಾಕಿ ಬರ್ತಾನೆ, ಮೊದಲ ಪೀರಿಯಡ್ ನಿದ್ದೆ, ಬೈಬೇಡಿ, ಮೂರನೇ ಪೀರಿಯಡ್ ಕೇಳಿ." ಹನ್ನೊಂದು ವರ್ಷದಲ್ಲಿ ನಾನು ಯಾವ ಮಗುಗೂ ಒಂದು ಪುಟ ಬರೆದಿಲ್ಲ, ಆ ಬಿಎಡ್ ಕಟ್ಟುಕತೆ ಬಿಟ್ರೆ.

ಮಾರ್ಚ್ 25ರಿಂದ ಏಪ್ರಿಲ್ 6ರ ತನಕ ಪರೀಕ್ಷೆ. ಅದು ಮೊದಲ ಸಲ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಇಟ್ಟ ವರ್ಷ, ರಾಜ್ಯದ ರಿಸಲ್ಟು ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳೀತು, ಅದೂ ಗ್ರೇಸ್ ಮಾರ್ಕ್ಸ್ ಕೊಟ್ಟು. ನಮ್ ಸ್ಕೂಲಲ್ಲಿ ಸೈನ್ಸಲ್ಲಿ ಹೋಗಿದ್ದು ನಾಕೇ ಮಕ್ಕಳು. ಸಭೇಲಿ ನನಗೆ ಚಪ್ಪಾಳೆ, "ಅನಾರೋಗ್ಯದ ನಡುವೆಯೂ" ಅಂತ. ನಾನು ಎದ್ದು, ಪಾಠ ಮಾಡಿದ್ದು ನಾನಲ್ಲ ಅಂದೆ, ವಿನಯಕ್ಕೆ ಹೇಳ್ತಿದಾರೆ ಅಂತ ಇನ್ನೊಂದು ಸಲ ಚಪ್ಪಾಳೆ ಹೊಡೆದ್ರು.

ರಿಸಲ್ಟ್ ಬಂದ ವಾರ ಬಸ್ ಹತ್ತಿ ಅವನ ಊರಿಗೆ ಹೋದೆ. ಹೆಂಚಿನ ಮನೆ, ಜಗುಲಿ ಮೇಲೆ ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕಗಳ ಗುಡ್ಡೆ. ಅವನು ತಬ್ಬಿಬ್ಬಾಗಿ "ನೀವ್ಯಾಕ್ ಬರೋಕ್ ಹೋದ್ರಿ ಸರ್, ಹೇಳಿದ್ರೆ ನಾನೇ ಬರ್ತಿದ್ದೆ" ಅಂದ. ಅವರಮ್ಮ ಹಾಲು ಕಾಯಿಸಿ ಕೊಟ್ರು. ನಾನು ಮಾರ್ಕ್ಸ್ ಪಟ್ಟಿ ತಗೊಂಡು ಹೋಗಿದ್ದೆ, ಇಬ್ರೂ ಕೂತು ಒಂದೊಂದು ನಂಬರೂ ನೋಡಿದ್ವಿ. ರೋಲ್ 14ಕ್ಕೆ 61 ಮಾರ್ಕ್ಸ್ ಬಂದಿತ್ತು. 31 ಪಾಸು. 22 ಹೋಗಿತ್ತು, ಅವನು ಅದನ್ನ ನೋಡಿ ಪಟ್ಟಿ ಮಡಚಿ ಇಟ್ಟ, ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. "ಎದ್ದು ನಿಲ್ಸಿದ್ರಾ ಸರ್?" ಅಂತ ಕೇಳ್ದ. ಇಲ್ಲ ಅಂದೆ, ನಿಜವಾಗ್ಲೂ ನಿಲ್ಸಿರ್ಲಿಲ್ಲ.

ನಿಂಗೇನ್ ಬೇಕು ಹೇಳಪ್ಪ, ಸಂಕೋಚ ಬೇಡ ಅಂದೆ. ತುಂಬಾ ಹೊತ್ತಾದ್ಮೇಲೆ, "ಒಂದು ಅನುಭವ ಪ್ರಮಾಣ ಪತ್ರ ಸಿಕ್ಕಿದ್ರೆ ಪ್ರೈವೇಟ್ ಕಾಲೇಜಲ್ಲಿ ತೋರ್ಸ್‌ಬೋದಿತ್ತು ಸರ್" ಅಂದ.

ಅದೊಂದೇ ಕೊಡೋಕೆ ಆಗ್ದೇ ಇದ್ದಿದ್ದು. ಇಲಾಖೆ ಲೆಕ್ಕದಲ್ಲಿ ಅವನು ನಮ್ ಸ್ಕೂಲಲ್ಲಿ ಪಾಠನೇ ಮಾಡಿಲ್ಲ. ಹಾಜರಾತಿ ಪುಸ್ತಕದಲ್ಲಿ ಹೆಸರಿಲ್ಲ, ಸಂಬಳ ಕೊಟ್ಟ ದಾಖಲೆ ಇಲ್ಲ. ಹೆಡ್ ಮೇಷ್ಟ್ರು ಒಳ್ಳೇವ್ರು, ಆದ್ರೆ ರಿಟೈರ್‌ಮೆಂಟಿಗೆ ಎರಡು ವರ್ಷ ಇರೋರು, ಸೀಲ್ ಹಾಕೋಕೆ ಹೆದ್ರಿದ್ರು, ನಾನು ಬಲವಂತ ಮಾಡ್ಲಿಲ್ಲ. ಕೊನೆಗೆ ದಾರಿ ತೋರ್ಸಿದ್ದು ಮತ್ತೆ ಎಸ್‌ಡಿಎ. ಸೀಲ್ ಬೇಡ, ಸರ್ಟಿಫಿಕೇಟ್ ಅಂತಾನೂ ಬೇಡ, ನಡೆದಿದ್ದು ನಡೆದ ಹಾಗೆ ಬಿಳಿ ಹಾಳೆ ಮೇಲೆ ಬರೀರಿ ಅಂದ್ರು. ಬರೆದೆ. 2023ರ ಅಕ್ಟೋಬರ್ ಕೊನೆಯಿಂದ 2024ರ ಫೆಬ್ರವರಿ 17ರ ತನಕ ನಾನು ಕಾಯಿಲೆ ಬಿದ್ದಿದ್ದಾಗ ಹತ್ತನೇ ತರಗತಿಗೆ ವಿಜ್ಞಾನ ಪಾಠ ಮಾಡಿದ್ದು ಇವ್ರು, 41 ಮಕ್ಕಳಲ್ಲಿ 37 ಜನ ಪಾಸು, ಆ ನೋಟ್ ಬುಕ್ಕಿನ ಮೂರು ಪುಟದ ಝೆರಾಕ್ಸ್ ಜೊತೆಗಿದೆ ಅಂತ. ಕೆಳಗೆ ನನ್ ಸಹಿ, ಸ್ಟಾಫಿನ ಎಂಟೂ ಜನರ ಸಹಿ. ಹೆಡ್ ಮೇಷ್ಟ್ರು ಹುದ್ದೆ ಬರೀದೇ ಬರೀ ಹೆಸರು ಬರೆದು ಸಹಿ ಹಾಕಿದ್ರು. ಬಿಸಿಯೂಟದ ಅಕ್ಕ ನಂದೂ ಇರ್ಲಿ ಅಂತ ಹಾಕಿದ್ಲು.

ಅದರಿಂದ ಅವನಿಗೆ ಕೆಲ್ಸ ಸಿಕ್ತು ಅಂತ ಹೇಳೋಕೆ ಬರಲ್ಲ. ಇಂಟರ್‌ವ್ಯೂನಲ್ಲಿ ಆ ಹಾಳೆ ನೋಡಿ ನಕ್ಕರಂತೆ, ಆಮೇಲೆ ನೋಟ್ ಬುಕ್ ಪುಟ ಓದಿದ್ರಂತೆ, ಆಮೇಲೆ ಒಂದು ಡೆಮೊ ಕ್ಲಾಸ್ ಮಾಡ್ಸಿದ್ರಂತೆ. ಈಗ ಒಂದು ಪಿಯು ಕಾಲೇಜಲ್ಲಿ ಫಿಸಿಕ್ಸ್ ಹೇಳ್ತಾನೆ. ನನ್ ಎಡಗಾಲಿನ ಹೆಬ್ಬೆರಳು ಇನ್ನೂ ಪೂರ್ತಿ ಮೇಲೆ ಏಳಲ್ಲ, ಅದಕ್ಕೆ ಚಪ್ಲಿ ಬಿಟ್ಟು ಬೆಲ್ಟ್ ಇರೋ ಸ್ಯಾಂಡಲ್ ಹಾಕ್ತೀನಿ. ಈ ಸಲದ ಜನವರಿ 26ಕ್ಕೆ ವಂದನಾರ್ಪಣೆ ಅಡುಗೆಯವರಿಂದ ಶುರು ಮಾಡ್ದೆ, ವೇದಿಕೆ ಮೇಲಿದ್ದೋರೊಬ್ರು ಕೆಮ್ಮಿದ್ರು.

ಆ ಹುಡುಗನ್ನ ಸ್ಟಾಫ್ ಗ್ರೂಪಿಗೆ ಸೇರ್ಸಿದೀವಿ. ಈಗ ಅವನು ಸ್ಟಾಫೇ ಅಲ್ಲ, ಆಗ ಸೇರಿಸ್ಬೇಕಿತ್ತು, ಇರ್ಲಿ. ದಿನಾ ಬೆಳಗ್ಗೆ ಐದೂವರೆಗೆ ಹೂವಿನ ಚಿತ್ರ ಹಾಕಿ ಶುಭೋದಯ ಅಂತ ಕಳಿಸ್ತಾನೆ, ಗ್ರೂಪಲ್ಲಿ ಫಾರ್ವರ್ಡ್ ಹಾಕ್ಬಾರ್ದು ಅಂತ ಹೆಡ್ ಮೇಷ್ಟ್ರ ಕಟ್ಟುನಿಟ್ಟಿನ ರೂಲ್ ಇದೆ, ಅವನಿಗೆ ಮಾತ್ರ ಯಾರೂ ಏನೂ ಅನ್ನಲ್ಲ.